ಕಿವಿ ಇಲ್ಲದ ಸರ್ವಿಸ್ ಸೆಂಟರು

"ಫೋರ್ ಬೈ ಫೋರ್ ಅಂದ್ಮೇಲೆ ಸ್ವಲ್ಪ ಸೌಂಡ್ ಇದ್ದೇ ಇರುತ್ತೆ ಸಾರ್."

ಗಾಡಿ ರಿಪೇರಿ ಲೋಕದಲ್ಲಿ ಇಷ್ಟು ದುಬಾರಿಯಾದ ವಾಕ್ಯ ಇನ್ನೊಂದಿಲ್ಲ. ಹೇಳೋರಿಗೆ ಏನೂ ಖರ್ಚಿಲ್ಲ. ನಂಬಿ ಮನೆಗೆ ಹೋಗೋರಿಗೆ ಆರು ತಿಂಗಳು ಬಿಟ್ಟು ಬಿಲ್ ಬರುತ್ತೆ. ಸೌಂಡ್ ಇರುತ್ತೆ, ಒಪ್ಪೋಣ. ಮುಂದೊಂದು ಡಿಫರೆನ್ಷಿಯಲ್, ಹಿಂದೊಂದು, ನಡುವೆ ಟ್ರಾನ್ಸ್‌ಫರ್ ಕೇಸ್. ಸದ್ದು ಮಾಡೋಕೆ ಬೇಕಾದಷ್ಟು ಹಲ್ಲುಗಳಿವೆ. ಆದರೆ ನಾವು ಕೇಳ್ತಿರೋದು ಸೌಂಡ್ ಇರುತ್ತಾ ಅಂತಲ್ಲ. ಹೋದ ತಿಂಗಳು ಇರಲಿಲ್ಲ, ಈ ತಿಂಗಳು ಇದೆ, ಯಾಕೆ ಅಂತ.

ನನ್ನ ಆಫೀಸಿನ ಗೆಳೆಯನೊಬ್ಬನ ಮನೆ ಗೌರಿಬಿದನೂರು. ಸೆಕೆಂಡ್‌ಹ್ಯಾಂಡ್ ಫೋರ್ ಬೈ ಫೋರ್ ಕೊಂಡಿದ್ದಾನೆ, ಶುಕ್ರವಾರ ಸಂಜೆ ಅದರಲ್ಲೇ ಊರಿಗೆ. ಕೆಲವು ತಿಂಗಳಾದ ಮೇಲೆ ಶುರುವಾಯಿತು: ಸ್ಪೀಡು 60 ದಾಟಿ, ಎಕ್ಸಲೇಟರ್‌ನಿಂದ ಕಾಲು ತೆಗೆದರೆ ಕೆಳಗಿಂದ 'ಗುಂಯ್' ಅಂತ ಒಂದು ರಾಗ. ಮತ್ತೆ ಒತ್ತಿದರೆ ಮಾಯ. ಈ ಎರಡು ಸಾಲಲ್ಲೇ ಅರ್ಧ ರೋಗ ಗೊತ್ತಾಗುತ್ತೆ. ಬೆಂಗಳೂರಿನ ಒಂದು ದೊಡ್ಡ ಸರ್ವಿಸ್ ಸೆಂಟರಿನಲ್ಲಿ ಇವನು ಇದನ್ನೆಲ್ಲ ಹೇಳಿದ. ಜಾಬ್ ಕಾರ್ಡಿನಲ್ಲಿ ಬಿದ್ದದ್ದು ಎರಡೇ ಪದ: ಅಬ್‌ನಾರ್ಮಲ್ ನಾಯ್ಸ್.

ಸ್ಕ್ಯಾನರ್ ಚುಚ್ಚಿದರು. ಕೋಡ್ ಇಲ್ಲ, ಹಾಗಾಗಿ ಪ್ರಾಬ್ಲಂ ಇಲ್ಲ. ಅಲ್ಲ ಸ್ವಾಮಿ, ಕ್ರೌನ್ ಪಿನಿಯನ್ನಿಗೆ ಸೆನ್ಸರ್ ಎಲ್ಲಿದೆ? ಚಕ್ರದ ಹತ್ತಿರ ಇರೋ ಎಬಿಎಸ್ ಸೆನ್ಸರು ಚಕ್ರ ಎಷ್ಟು ಬೇಗ ತಿರುಗ್ತಿದೆ ಅಂತ ಎಣಿಸುತ್ತೆ, ಬೇರಿಂಗ್ ಅಳ್ತಿದೆಯಾ ಅಂತ ಕೇಳಿಸ್ಕೊಳ್ಳಲ್ಲ. ಎರಡನೇ ಸಲ ಹೋದಾಗ ತೀರ್ಪೇ ಬದಲಾಗಿತ್ತು: ಟ್ರಾನ್ಸ್‌ಫರ್ ಕೇಸ್ ಹೋಗಿದೆ, ಅಸೆಂಬ್ಲಿ ಪೂರ್ತಿ ಬದಲಾಯಿಸ್ಬೇಕು, ಲಕ್ಷದ ಮೇಲೆ ಎಸ್ಟಿಮೇಟ್. ಟೆಸ್ಟ್ ಡ್ರೈವ್ ಮಾಡಿದ್ರಾ ಅಂದ್ರೆ, ಮಾಡಿದ್ವಿ ಅಂದರು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ, 30ರಲ್ಲಿ. 60ರ ಮೇಲೆ ಬರೋ ಸೌಂಡನ್ನು 30ರಲ್ಲಿ ಹುಡುಕಿ ಲಕ್ಷ ರೂಪಾಯಿ ಕೇಳೋಕೆ ಧೈರ್ಯ ಬೇಕು. ಅಂದಹಾಗೆ ಅಲ್ಲಿನ ರಿಸೆಪ್ಶನ್ನಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೋ ಇದೆ, ಸೆಪ್ಟೆಂಬರ್ 15ಕ್ಕೆ ಹಾರ ಬೀಳುತ್ತೆ. ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯ ಆ ಮನುಷ್ಯರ ಬಗ್ಗೆ ಸ್ಕೂಲಲ್ಲಿ ಮೇಷ್ಟ್ರು ಹೇಳ್ತಿದ್ದ ಕತೆ ಯಾವುದು? ರೈಲಿನ ಸದ್ದು ಬದಲಾಗಿದ್ದನ್ನು ಕೇಳಿಯೇ ಚೈನ್ ಎಳೆದು ನಿಲ್ಲಿಸಿದರು ಅನ್ನೋದು.

ಈ ಕಡೆಯವರಿಗೆ ಪುಕ್ಕಟೆ ಲ್ಯಾಬೊಂದಿದೆ. ಗೌರಿಬಿದನೂರಿಂದ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ ದಾಟಿ ಚಿಂತಾಮಣಿವರೆಗೆ ಒಂದೇ ರಸ್ತೆ, ರಾಷ್ಟ್ರೀಯ ಹೆದ್ದಾರಿ 69. ಗೆಳೆಯನೂ ನಾನೂ ಒಂದು ಭಾನುವಾರ ಬೆಳಿಗ್ಗೆ ರಸ್ತೆ ಖಾಲಿ ಇದ್ದಾಗ ಅದರಲ್ಲೇ ಹೊರಟೆವು. ಒಬ್ಬ ಓಡಿಸೋದು, ಇನ್ನೊಬ್ಬ ಬರ್ಕೊಳ್ಳೋದು. ಹೊಸ ಡಾಂಬರಿಂದ ಒರಟು ಡಾಂಬರಿಗೆ ಹೋದಾಗ ಸದ್ದಿನ ರಾಗ ಬದಲಾದರೆ ಅದು ಟಯರು; ದಪ್ಪ ಹಲ್ಲಿನ ಆಫ್‌ರೋಡ್ ಟಯರು ಹಾಕಿಸ್ಕೊಂಡು ಗೇರ್‌ಬಾಕ್ಸ್ ಬೈಯೋರು ಬಹಳ ಮಂದಿ ಇದ್ದಾರೆ. ನಮ್ಮದು ಬದಲಾಗಲಿಲ್ಲ. ಸ್ಟೀರಿಂಗನ್ನು ಮೆಲ್ಲಗೆ ಎಡಕ್ಕೆ ಎಳೆದರೆ ಗಾಡಿಯ ಭಾರ ಬಲಗಡೆ ಚಕ್ರಗಳ ಮೇಲೆ ಬೀಳುತ್ತೆ. ಆಗ ಸದ್ದು ಜಾಸ್ತಿಯಾದರೆ ಬಲಗಡೆಯ ವೀಲ್ ಬೇರಿಂಗ್ ಮೇಲೆ ಅನುಮಾನ. ಅದೂ ಆಗಲಿಲ್ಲ. 70ರಲ್ಲಿ ನ್ಯೂಟ್ರಲ್‌ಗೆ ಹಾಕಿದೆವು (ಇಂಜಿನ್ ಆಫ್ ಮಾಡ್ಬೇಡಿ, ಬ್ರೇಕೂ ಸ್ಟೀರಿಂಗೂ ಕಲ್ಲಾಗುತ್ತೆ). ಆರ್‌ಪಿಎಂ ಬಿತ್ತು, ಸದ್ದು ಉಳೀತು. ಅಲ್ಲಿಗೆ ಇಂಜಿನ್, ಟರ್ಬೊ, ಆಲ್ಟರ್ನೇಟರ್, ಸ್ಟೀರಿಂಗ್ ಪಂಪು ಎಲ್ಲಾ ನಿರಪರಾಧಿಗಳು. ಉಳಿದದ್ದು ಗೇರ್‌ಬಾಕ್ಸಿನಿಂದ ಚಕ್ರದವರೆಗೆ ತಿರುಗೋ ಸಾಮಾನುಗಳು. ಎಕ್ಸಲೇಟರ್ ಒತ್ತಿದಾಗ ಹಲ್ಲಿನ ಒಂದು ಮುಖಕ್ಕೆ ಭಾರ, ಬಿಟ್ಟಾಗ ಇನ್ನೊಂದು ಮುಖಕ್ಕೆ. ಬಿಟ್ಟಾಗ ಮಾತ್ರ ಕೂಗ್ತಿದೆ ಅಂದ್ರೆ ಮೊದಲು ನೋಡ್ಬೇಕಾದ್ದು ಪಿನಿಯನ್ ಮತ್ತು ಅದರ ಬೇರಿಂಗು.

ಚಿಂತಾಮಣಿಯಲ್ಲಿ ಟ್ರ್ಯಾಕ್ಟರು, ಜೀಪು ನೋಡೋ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ನಿಲ್ಲಿಸಿದೆವು. ನಮ್ಮ ಚೀಟಿ ನೋಡೋ ಮುಂಚೆ ಅವರೇ ಶುರು ಮಾಡಿದರು: "ಎಷ್ಟು ಸ್ಪೀಡಲ್ಲಿ ಬರುತ್ತಪ್ಪಾ? ಒತ್ತಿದಾಗಲೋ, ಬಿಟ್ಟಾಗಲೋ? ನೀರಿಗೇನಾದ್ರೂ ಇಳಿಸಿದ್ರಾ?" ಒಂದು ರೌಂಡು ಓಡಿಸಿ ಬಂದು, "ಹಿಂದಿನ ಹೌಸಿಂಗು" ಅಂದವರೇ ಕೆಳಗೆ ಡಬ್ಬ ಇಟ್ಟು ಆಯಿಲ್ ಬಿಟ್ಟರು. ಬಂದದ್ದು ಆಯಿಲ್ಲಲ್ಲ, ಹಾಲು ಹಾಕಿದ ಕಾಫಿ. ಡ್ರೈನ್ ಪ್ಲಗ್ಗಿನ ಮ್ಯಾಗ್ನೆಟ್ಟಿನಲ್ಲಿ ಕಬ್ಬಿಣದ ಚೂರು.

ಇದು ಹಳೇ ಓನರ್ ಬಿಟ್ಟುಹೋದ ಆಸ್ತಿ. ಕೆರೆ ಕೋಡಿ ಬಿದ್ದಾಗ ರೀಲ್ಸಿಗೋಸ್ಕರ ನೀರಿಗೆ ಇಳಿಸ್ತಾರಲ್ಲ, ಆಗ ಆಗೋದು ಇಷ್ಟು: ಓಡಿ ಓಡಿ ಬಿಸಿಯಾದ ಹೌಸಿಂಗು ತಣ್ಣೀರಿಗೆ ಬಿದ್ದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತೆ. ಗಾಳಿಯಾಡೋ ಬ್ರೀದರ್ ಮಣ್ಣು ಕಟ್ಟಿಕೊಂಡಿದ್ದರೆ ಹೌಸಿಂಗು ಸೀಲಿನ ಸಂದಿಯಿಂದ ನೀರನ್ನೇ ಎಳ್ಕೊಳ್ಳುತ್ತೆ. ಆಯಿಲ್ ಕೆಟ್ಟಮೇಲೆ ಬೇರಿಂಗ್ ಎಷ್ಟು ದಿನ ಬಾಳೀತು? ಸರ್ವಿಸ್ ಸೆಂಟರು ಆರೋಪ ಹೊರಿಸಿದ್ದ ಟ್ರಾನ್ಸ್‌ಫರ್ ಕೇಸಿನ ಆಯಿಲ್ ಸ್ವಚ್ಛವಾಗಿತ್ತು. ಪಿನಿಯನ್ ಬೇರಿಂಗು, ಸೀಲು, ಹೊಸ ಆಯಿಲ್, ಬ್ರೀದರ್ ಕ್ಲೀನು. ಎಸ್ಟಿಮೇಟಿನ ಹತ್ತನೇ ಒಂದು ಭಾಗವೂ ಆಗಲಿಲ್ಲ. ಎಸ್ಟಿಮೇಟಿನ ಪ್ರಕಾರವೇ ನಡೆದಿದ್ದರೆ ಲಕ್ಷ ಕೊಟ್ಟೂ ಅದೇ ಬೇರಿಂಗಿನಲ್ಲಿ ಹೈವೇಗೆ ಹೋಗ್ತಿದ್ದ. ಅದು ಹಿಡ್ಕೊಂಡರೆ ಓಡ್ತಿರೋ ಗಾಡಿಯ ಹಿಂದಿನ ಚಕ್ರಗಳೇ ನಿಲ್ಲುತ್ವೆ.

ಇಂಥ ಮೆಕ್ಯಾನಿಕ್‌ಗಳನ್ನು 'ಲೋಕಲ್' ಅಂತ ಮೂಗು ಮುರಿಯೋದು ನಮ್ಮ ಐಟಿ ಮಂದಿಗೆ ಅಭ್ಯಾಸ. ಅವರ ಕೈಗೆ ಬಿಡಿಭಾಗ, ಡಯಾಗ್ನೋಸ್ಟಿಕ್ ಟೂಲು ಸಿಗದ ಹಾಗೆ ಕಟ್ಟಿಹಾಕಿದ್ದಾರೆ ಅಂತ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತ್ತು. ಕಂಪನಿಗಳು ಮೇಲ್ಮನವಿಗೆ ಹೋದವು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ 'ರೈಟ್ ಟು ರಿಪೇರ್' ಪೋರ್ಟಲ್ ಶುರು ಮಾಡಿತು, ವಾಹನಗಳೂ ಅದರಲ್ಲಿವೆ. ಇಷ್ಟಿದ್ದೂ ವಾರಂಟಿ ಹೋಗುತ್ತೆ ಅನ್ನೋ ಒಂದೇ ಬೆದರಿಕೆಗೆ ನಾವು ಬಾಲ ಮುದುರ್ತೀವಿ.

ಬೈಗುಳದಲ್ಲಿ ನಮಗೂ ಪಾಲಿದೆ. ನಂದಿ ಬೆಟ್ಟದ ಒಣ ಡಾಂಬರು ರಸ್ತೆಗೆ 4ಎಚ್ ಹಾಕ್ಕೊಂಡು ಹತ್ತೋರನ್ನ ನೋಡಿದೀನಿ. ಥಾರ್, ಜಿಮ್ನಿ ಥರದ ಪಾರ್ಟ್‌ಟೈಮ್ ಫೋರ್ ವೀಲ್ ಡ್ರೈವಿನಲ್ಲಿ ನಡುವೆ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರ ಜಾಸ್ತಿ ದೂರ ಓಡ್ಬೇಕು, ಆ ವ್ಯತ್ಯಾಸ ಜಾರಿ ಹೋಗೋಕೆ ಮಣ್ಣು ಬೇಕು. ಡಾಂಬರಿನಲ್ಲಿ ಅದನ್ನೆಲ್ಲ ಟ್ರಾನ್ಸ್‌ಫರ್ ಕೇಸು ನುಂಗ್ಕೊಳ್ಳುತ್ತೆ. ಇನ್ನು ಸದ್ದು ಬಂದರೆ? ಮ್ಯೂಸಿಕ್ ಜೋರು. ಆಫೀಸಿನಲ್ಲಿ ಟೆಸ್ಟರ್ 'ಆ್ಯಪ್ ಕೆಲಸ ಮಾಡ್ತಿಲ್ಲ' ಅಂತ ಒಂದೇ ಸಾಲಿನ ಬಗ್ ಹಾಕಿದರೆ, ಸ್ಟೆಪ್ಸ್ ಎಲ್ಲಿ ಅಂತ ಗದರಿಸಿ ವಾಪಸ್ ಕಳಿಸೋರು ನಾವೇ. ಅದೇ ನಾವು 'ಅಬ್‌ನಾರ್ಮಲ್ ನಾಯ್ಸ್' ಅಂತ ಬರೆದಿರೋ ಜಾಬ್ ಕಾರ್ಡಿಗೆ ಸೈನ್ ಹಾಕಿ ಕಾಫಿ ಮಷೀನ್ ಹುಡುಕ್ಕೊಂಡು ಹೋಗ್ತೀವಿ. ಸೈನ್ ಹಾಕ್ಬೇಡಿ. ಯಾವ ಸ್ಪೀಡು, ಒತ್ತಿದಾಗಲೋ ಬಿಟ್ಟಾಗಲೋ, ನ್ಯೂಟ್ರಲಲ್ಲಿ ಏನಾಯ್ತು, ಎಲ್ಲಾ ಬರೆಸಿ. ಮೆಕ್ಯಾನಿಕ್ ಪಕ್ಕದಲ್ಲಿ ಕೂತು ಆ ಸ್ಪೀಡಿಗೆ ಹೋಗಿ ಕೇಳಿಸಿ. ಕೇಳಿಸ್ಕೊಳ್ಳದವರಿಗೆ ಒಂದು ಬೋಲ್ಟೂ ಬಿಚ್ಚೋಕೆ ಬಿಡಬೇಡಿ. ಬಿಚ್ಚಿದ ಪಾರ್ಟು ವಾಪಸ್ ಕೇಳಿ.

ಗೆಳೆಯ ಮುಂದಿನ ಸರ್ವಿಸಿಗೆ ಹೋದಾಗ ಇದನ್ನೆಲ್ಲ ಬರೆಸೋಕೆ ನೋಡಿದ. ಅಡ್ವೈಸರ್ ಟ್ಯಾಬ್ ತಿರುಗಿಸಿ ತೋರಿಸಿದನಂತೆ. ಬರೆಯೋಕೆ ಜಾಗವೇ ಇಲ್ಲ, ಆರಿಸ್ಕೊಳ್ಳೋಕೆ ಒಂದು ಪಟ್ಟಿ ಇದೆ ಅಷ್ಟೇ. ಅದರ ಕೊನೆಯಲ್ಲಿ: ನಾಯ್ಸ್, ಅದರ್ಸ್.