ಬಣ್ಣದ ಮೀನು: ಸಹಾಯಧನಕ್ಕೆ ಮೊದಲು ಗಿರಾಕಿ

ಪಟ್ಟಣದ ಮನೆ, ಹೋಟೆಲುಗಳ ಗಾಜಿನ ತೊಟ್ಟಿಯಲ್ಲಿ ಆಡುವ ಬಣ್ಣದ ಮೀನುಗಳನ್ನು ನೀವೂ ಕಂಡಿರುತ್ತೀರಿ. ಇವನ್ನು ಹಳ್ಳಿಯ ಹಿತ್ತಲಿನಲ್ಲೇ ಸಾಕಿ ಮಾರಬಹುದೆಂಬ ಮಾತು ಈಚೆಗೆ ಹೆಚ್ಚಾಗಿ ಕೇಳಿಬರುತ್ತಿದೆ. ಕೇಂದ್ರ ಸರ್ಕಾರ 2020ರಲ್ಲಿ ಆರಂಭಿಸಿದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆ ಇದಕ್ಕೊಂದು ಕಾರಣ. ಹಿತ್ತಲಿನ ಅಲಂಕಾರಿಕ ಮೀನು ಘಟಕಕ್ಕೆ ಈ ಯೋಜನೆ ಗೊತ್ತುಮಾಡಿದ ವೆಚ್ಚ 3 ಲಕ್ಷ ರೂಪಾಯಿ. ಅದರಲ್ಲಿ ಸಾಮಾನ್ಯ ವರ್ಗದವರಿಗೆ ಶೇಕಡಾ 40, ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಶೇಕಡಾ 60 ಸಹಾಯಧನ.

ಉಳಿದ ಹಣ ನಿಮ್ಮದು, ಇಲ್ಲವೇ ಬ್ಯಾಂಕಿನ ಸಾಲ. ಸಾಮಾನ್ಯ ವರ್ಗದ ರೈತ ಪೂರ್ಣ ಘಟಕ ಕಟ್ಟಿದರೆ ತನ್ನ ಪಾಲು 1 ಲಕ್ಷ 80 ಸಾವಿರ. ಒಂದು ಗಪ್ಪಿ ಮೀನಿಗೆ 5 ರೂಪಾಯಿ ಸಿಕ್ಕಿತೆಂದು ಇಟ್ಟುಕೊಳ್ಳಿ. ಹಾಕಿದ ಅಸಲು ಮರಳಲು 36 ಸಾವಿರ ಮೀನು ಮಾರಬೇಕು. ಮೇವು, ವಿದ್ಯುತ್, ಸತ್ತ ಮೀನಿನ ನಷ್ಟ ಇದಕ್ಕೆ ಹೊರತು. ಅಷ್ಟು ಮೀನನ್ನು ಕೊಳ್ಳುವವರು ಯಾರು? ಅರ್ಜಿ ಬರೆಯುವ ಮೊದಲು ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಿ.

ರಫ್ತಿನ ಕನಸನ್ನು ಸದ್ಯಕ್ಕೆ ಬದಿಗಿಡಿ. ನಮ್ಮ ಪೇಟೆ ಒಳನಾಡಿನದೇ. ಚೆನ್ನೈಯ ಕೊಳತ್ತೂರು, ಕೋಲ್ಕತ್ತದ ಸುತ್ತಲಿನ ಹಳ್ಳಿಗಳು ಈ ಕಸುಬಿನಲ್ಲಿ ಬಹಳ ಹಿಂದಿನಿಂದ ಪಳಗಿವೆ. ನೀವು ಪೈಪೋಟಿ ನಡೆಸಬೇಕಾದುದು ಅವರೊಡನೆ. ಆದ್ದರಿಂದ ಹತ್ತಿರದ ಪಟ್ಟಣದ ಅಂಗಡಿಗಳಿಗೆ ಹೋಗಿ ಯಾವ ಮೀನು, ಎಷ್ಟು, ಯಾವ ದರಕ್ಕೆ ಬೇಕೆಂದು ವಿಚಾರಿಸಿ ಬನ್ನಿ. ದೂರದಿಂದ ಬರುವ ಮೀನು ದಾರಿಯಲ್ಲಿ ಬಳಲುತ್ತದೆ, ಸಾಯುತ್ತದೆ. ಹತ್ತಿರದವರೆಂಬುದೇ ನಿಮ್ಮ ಅನುಕೂಲ.

ಎರಡನೆಯದು ನೀರು. ಬಯಲುಸೀಮೆಯ ಕೊಳವೆಬಾವಿಯ ಗಡಸು ನೀರು ಗಪ್ಪಿ, ಮೊಲ್ಲಿ, ಪ್ಲಾಟಿ, ಕತ್ತಿಬಾಲದ ಮೀನುಗಳಿಗೆ ಒಗ್ಗುತ್ತದೆ. ಇವು ಮೊಟ್ಟೆಯಿಡದೆ ಮರಿ ಹಾಕುವ ಜಾತಿಗಳು. ಮೆದು ನೀರು ಬೇಡುವ ಡಿಸ್ಕಸ್, ಟೆಟ್ರಾಗಳ ಗೋಜಿಗೆ ಹೊಸಬರು ಹೋಗದಿರುವುದು ಲೇಸು. ಬಾವಿಯಿಂದ ಎತ್ತಿದ ನೀರನ್ನು ಒಂದು ದಿನ ತೆರೆದ ತೊಟ್ಟಿಯಲ್ಲಿ ಬಿಟ್ಟು, ಗಾಳಿಯಾಡಿಸಿ ಬಳಸಿರಿ.

ಗಪ್ಪಿ ಸುಮಾರು ನಾಲ್ಕು ವಾರಕ್ಕೊಮ್ಮೆ ಮರಿ ಹಾಕುತ್ತದೆ. ಹೆತ್ತ ಮರಿಯನ್ನು ತಾಯಿಯೇ ತಿನ್ನುವುದುಂಟು. ತೊಟ್ಟಿಯಲ್ಲಿ ದಟ್ಟವಾಗಿ ನೀರುಗಿಡ ಬೆಳೆಸಿದರೆ ಮರಿಗಳಿಗೆ ಮರೆ ಸಿಗುತ್ತದೆ. ಬಲಿಯುವ ಮೊದಲೇ ಗಂಡು, ಹೆಣ್ಣು ಬೇರ್ಪಡಿಸಿ, ಚೆಲುವಾದ ಗಂಡನ್ನು ಮಾತ್ರ ತಳಿಗೆ ಉಳಿಸಿಕೊಳ್ಳಿ. ಒಂದೇ ಸಂತತಿಯಲ್ಲಿ ಕೂಡಿಸುತ್ತ ಹೋದರೆ ಬಣ್ಣ ಮಾಸಿ, ಮೈ ಕಿರಿದಾಗುತ್ತದೆ. ಆಗಾಗ ಹೊರಗಿನ ಗಂಡು ತರಬೇಕು. ಹಾಗೆ ತಂದ ಮೀನನ್ನು ಎರಡು ಮೂರು ವಾರ ಬೇರೆ ತೊಟ್ಟಿಯಲ್ಲಿಡಿ. ಬಿಳಿಚುಕ್ಕೆ ರೋಗ ಒಂದು ಮೀನಿನಿಂದ ಇಡೀ ಘಟಕಕ್ಕೆ ಹರಡಬಲ್ಲದು.

ಕೊನೆಯದಾಗಿ ಒಂದು ಎಚ್ಚರಿಕೆ. ಮಾರಾಟವಾಗದೆ ಉಳಿದ ಮೀನನ್ನು ಕೆರೆಗೋ ಹಳ್ಳಕ್ಕೋ ಬಿಡಬೇಡಿ. ತೊಟ್ಟಿಯ ಪಾಚಿ ತಿನ್ನಲೆಂದು ಮಾರುವ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಹೀಗೆಯೇ ಹೊರಬಿದ್ದು, ಇಂದು ದೇಶದ ಹಲವು ರಾಜ್ಯಗಳ ನೀರಿನಲ್ಲಿ ನೆಲೆಸಿದೆ. ಇದರ ಮುಳ್ಳಿಗೆ ಸಿಕ್ಕಿ ಬಲೆ ಹರಿಯುತ್ತದೆ. ಮೊಟ್ಟೆಯಿಡಲು ದಡದಲ್ಲಿ ಬಿಲ ತೋಡುವುದರಿಂದ ಕೆರೆಯ ಏರಿಗೂ ಅಪಾಯ. ಊರಿನ ಕಾಟ್ಲಾ, ರೋಹು ಹಿಡಿದು ಬದುಕುವವರ ಅನ್ನಕ್ಕೆ ನಮ್ಮ ಹಿತ್ತಲಿನ ಕಸುಬು ಕುತ್ತಾಗಬಾರದು.

ಹೀಗಾಗಿ ಮೊದಲು ಎರಡೇ ತೊಟ್ಟಿ, ಒಂದೇ ಜಾತಿಯಿಂದ ಆರಂಭಿಸಿ. ಮಳೆಗಾಲ, ಚಳಿ, ಬೇಸಿಗೆ ಮೂರನ್ನೂ ನೋಡಿ, ಖರ್ಚು ವರಮಾನ ಪುಸ್ತಕದಲ್ಲಿ ಬರೆದಿಡಿ. ಲಾಭ ಕಂಡರೆ ತಾಲ್ಲೂಕಿನ ಮೀನುಗಾರಿಕೆ ಇಲಾಖೆಗೆ ಹೋಗಿ, ಈ ಸಾಲಿಗೆ ಸಹಾಯಧನ ಉಂಟೇ ಎಂದು ಕೇಳಿ. ಆ ಪುಸ್ತಕ ಕೈಯಲ್ಲಿದ್ದರೆ ಎಷ್ಟು ಸಾಲವನ್ನು ಹೊರಬಲ್ಲಿರೆಂಬುದು ನಿಮಗೇ ತಿಳಿದಿರುತ್ತದೆ.