ಮೈಗ್ರೇನ್‌ಗೆ ತಾಳ್ಮೆ ಮದ್ದಲ್ಲ

ಮೈಗ್ರೇನ್ ಪೇಟೆಯ ಒತ್ತಡದಿಂದ ಹುಟ್ಟಿದ ಕಾಯಿಲೆ, ಮಾತ್ರೆಯ ಮೊರೆ ಹೋಗದೆ ತಾಳಿಕೊಳ್ಳುವುದೇ ಲೇಸು ಎಂದು ಕಳೆದ ವಾರ ಪ್ರಕಟವಾದ ಲೇಖನವೊಂದು ವಾದಿಸಿದೆ. ಮೊದಲ ಮಾತನ್ನು ನಮ್ಮ ನೆಲದ ಅಂಕಿಅಂಶವೇ ಅಲ್ಲಗಳೆಯುತ್ತದೆ. ನಿಮ್ಹಾನ್ಸ್ ತಜ್ಞರು ಬೆಂಗಳೂರಿನಲ್ಲೂ ಸುತ್ತಲಿನ ಹಳ್ಳಿಗಳಲ್ಲೂ ನಡೆಸಿದ ಸಮೀಕ್ಷೆಯಲ್ಲಿ ಒಂದು ವರ್ಷದ ಅವಧಿಯಲ್ಲಿ ಮೈಗ್ರೇನ್ ಕಾಡಿದವರು ಸುಮಾರು ಶೇ 25. ತಲೆನೋವು ಹಳ್ಳಿಗಳಲ್ಲೇ ಹೆಚ್ಚಿತ್ತು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚಿತ್ತು. ಅರ್ಧ ತಲೆ ಸಿಡಿಯುತ್ತಿದ್ದರೂ, ಬೆಳಕು ಕಂಡರಾಗದಿದ್ದರೂ, ವಾಂತಿ ಮಾಡಿಕೊಂಡು ಬಂದು ಮತ್ತೆ ಒಲೆಯ ಮುಂದೆ ಕೂರುವವಳಿಗೆ ತಾಳ್ಮೆಯ ಪಾಠ ಹೇಳುವುದು ಅನ್ಯಾಯ.

ಮಾತ್ರೆಯ ಅತಿಬಳಕೆಯೇ ತಲೆನೋವು ತರುತ್ತದೆ ಎಂಬ ಆಕ್ಷೇಪ ಮಾತ್ರ ನಿಜ. ಪ್ಯಾರಸಿಟಮಾಲ್‌ನಂಥ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ, ಮೈಗ್ರೇನ್‌ಗೆಂದೇ ಕೊಡುವ ಟ್ರಿಪ್ಟಾನ್ ಮಾತ್ರೆಯಾದರೆ 10 ದಿನ, ಹೀಗೆ ಮೂರು ತಿಂಗಳು ಮೀರಿ ನುಂಗಿದರೆ ಆ ಅಪಾಯವಿದೆ. ಆದರೆ ಅದು ಲೆಕ್ಕವಿಟ್ಟು ನುಂಗಬೇಕೆಂಬುದಕ್ಕೆ ಕಾರಣವೇ ಹೊರತು ನುಂಗಲೇಬಾರದೆಂಬುದಕ್ಕಲ್ಲ. ನೋವು ಏರುವ ಮೊದಲೇ ತೆಗೆದುಕೊಂಡ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ. ಮೈಗ್ರೇನ್ ಬಲಿತಾಗ ಹೊಟ್ಟೆಯ ಚಲನೆ ಮಂದವಾಗಿ ಮದ್ದು ರಕ್ತಕ್ಕೆ ಸೇರುವುದೇ ತಡವಾಗಬಹುದು. ಪದೇ ಪದೇ ನರಳುವವರಿಗೆ ಪ್ರೊಪ್ರನೊಲಾಲ್, ಅಮಿಟ್ರಿಪ್ಟಿಲಿನ್‌ನಂಥ, ನೋವು ಬಾರದಂತೆ ತಡೆಯುವ ಔಷಧಗಳಿವೆ. ಅವು ಹಳೆಯವು, ದುಬಾರಿಯೂ ಅಲ್ಲ. ಆಸ್ತಮಾ ಇದ್ದವರಿಗೆ ಪ್ರೊಪ್ರನೊಲಾಲ್ ಸಲ್ಲದು, ಹಾಗಾಗಿ ವೈದ್ಯರೇ ಆರಿಸಿ ಕೊಡಬೇಕು. ನಿದ್ದೆ, ಹೊತ್ತಿಗೆ ಸರಿಯಾದ ಊಟ ನೆರವಾಗುತ್ತವೆ, ಒಪ್ಪೋಣ. ಅವು ಔಷಧದ ಜೊತೆಗಿರಲಿ. ಮೆಡಿಕಲ್ ಸ್ಟೋರಿನಲ್ಲಿ ಒಂದೊಂದೇ ಮಾತ್ರೆ ಕೊಂಡು ದಿನ ದೂಡುತ್ತಿರುವವರಿಗೆ ಇಂಥ ಚಿಕಿತ್ಸೆ ಇದೆಯೆಂಬುದನ್ನು ಆ ಲೇಖನ ಒಂದು ಸಾಲಿನಲ್ಲೂ ತಿಳಿಸಲಿಲ್ಲ.