ನಕಾಶೆಯಲ್ಲಿಲ್ಲದ ಕೇರಿ

ಜಪಾನಿನ ಒಸಾಕಾ ನಗರಕ್ಕೆ ಹೋದ ಪ್ರವಾಸಿಗರು ಮೊದಲು ನೋಡುವುದು ಅಲ್ಲಿನ ಕೋಟೆಯನ್ನು. ಆಮೇಲೆ ದೋತೊಂಬೊರಿ ಕಾಲುವೆಯ ದಡದ ದೀಪಾಲಂಕಾರವನ್ನು. ಇನ್ನೂ ವ್ಯವಧಾನವಿದ್ದವರು ತ್ಸೂತೆನ್‌ಕಾಕು ಗೋಪುರವನ್ನು. 1912ರಲ್ಲಿ ಮೊದಲ ಬಾರಿಗೆ ಎದ್ದು, ಯುದ್ಧಕಾಲದಲ್ಲಿ ಕಣ್ಮರೆಯಾಗಿ, 1956ರಲ್ಲಿ ಮತ್ತೆ ತಲೆಯೆತ್ತಿದ ಈ ಗೋಪುರದ ಮೇಲೆ ನಿಂತು ದಕ್ಷಿಣದ ಕಡೆಗೆ ದೃಷ್ಟಿ ಹಾಯಿಸಿದರೆ, ರೈಲುಹಳಿಗಳ ಆಚೆ, ಒಂದಕ್ಕೊಂದು ಒತ್ತಿ ನಿಂತ ಮಾಳಿಗೆಗಳ ಚಿಕ್ಕದೊಂದು ಕೇರಿ ಕಾಣುವುದು. ಗೋಪುರದಿಂದ ಅಲ್ಲಿಗೆ ಕಾಲು ಗಂಟೆಯ ದಾರಿಯೂ ಇಲ್ಲ. ಆದರೂ ಒಸಾಕಾದ ಗೃಹಸ್ಥರು ಬಹುಕಾಲ ತಮ್ಮ ಮಕ್ಕಳಿಗೆ ಹೇಳುತ್ತ ಬಂದ ಮಾತು ಒಂದೇ: “ಆ ಕಡೆ ಹೋಗಬೇಡ.”

ಹೋಗಬೇಡವೆಂದ ಆ ಕಡೆಗೇ ಈಗ ಜನರು ಸಣ್ಣ ಸಣ್ಣ ತಂಡಗಳಾಗಿ ಹೋಗುತ್ತಾರೆ. ಶಾಲೆಯ ಮಕ್ಕಳು, ಕಾಲೇಜಿನ ವಿದ್ಯಾರ್ಥಿಗಳು, ದೂರದ ಊರುಗಳಿಂದ ಬಂದ ಕುತೂಹಲಿಗಳು ಶಿನ್-ಇಮಾಮಿಯ ರೈಲುನಿಲ್ದಾಣದ ಬಳಿ ಕೂಡುತ್ತಾರೆ. ಊರನ್ನು ಬಲ್ಲ ಹಿರಿಯರೊಬ್ಬರು ಮುಂದೆ ನಡೆಯುತ್ತಾರೆ, ಉಳಿದವರು ಹಿಂದೆ. ಅಲ್ಲಿ ನೋಡಲು ದೇಗುಲದ ಶಿಲ್ಪವಿಲ್ಲ, ಉದ್ಯಾನದ ಸೊಬಗಿಲ್ಲ, ಅರಮನೆಯಿಲ್ಲ. ಇರುವುದು ದಿನಗೂಲಿಯವರ ವಸತಿಗೃಹಗಳು, ಅಗ್ಗದ ಊಟದಂಗಡಿಗಳು, ಎರಡು ಉದ್ಯಾನಗಳು, ಒಂದು ಪೊಲೀಸು ಠಾಣೆ ಮತ್ತು ವಯಸ್ಸಾದ ಗಂಡಸರು. ಇಷ್ಟನ್ನು ನೋಡಲು ನಡೆದು ಹೋಗಬೇಕೆ? ಹೋಗುವುದು ಉಚಿತವೆ? ಈ ಎರಡನೆಯ ಪ್ರಶ್ನೆ ಆ ಕೇರಿಯಲ್ಲೇ ಬಹಳ ಚರ್ಚೆಗೆ ಬಂದಿದೆ.

ಕೇರಿಯ ಹೆಸರು ಕಾಮಗಸಾಕಿ. ಸೋಜಿಗವೆಂದರೆ ಆ ಹೆಸರು ಯಾವ ಸರಕಾರಿ ನಕಾಶೆಯಲ್ಲಿಯೂ ಇಲ್ಲ. 1922ರಲ್ಲಿ ನಗರದವರು ಬೀದಿಗಳ ಹೆಸರುಗಳನ್ನು ಮಾರ್ಪಡಿಸಿದಾಗ ಅದು ಕಾಗದದಿಂದ ಅಳಿಸಿಹೋಯಿತು. ಜನರ ನಾಲಗೆಯಿಂದ ಅಳಿಸಲಿಲ್ಲ. 1966ರಲ್ಲಿ ಅಧಿಕಾರಿಗಳು ಹೊಸದೊಂದು ನಾಮಕರಣ ಮಾಡಿದರು: ‘ಐರಿನ್’. ನೆರೆಯವರನ್ನು ಪ್ರೀತಿಸುವುದು ಎಂಬುದು ಅದರ ಅರ್ಥ. ಹೆಸರು ಚೆಲುವಾದುದೇ. ಆದರೆ ಅದೇ 1966ರಲ್ಲಿಯೇ, ಆ ಕೇರಿಯ ಬೀದಿಗಳ ಮೇಲೆ ಸದಾ ಕಣ್ಣಿಟ್ಟಿರುವ ಕ್ಯಾಮೆರಾಗಳನ್ನು ಪೊಲೀಸರು ಕಂಬಗಳಿಗೆ ಕಟ್ಟಲಾರಂಭಿಸಿದರು. ಕ್ರಮೇಣ ಅವು 15 ಆದುವು. ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. 1994ರಲ್ಲಿ ಒಸಾಕಾದ ಜಿಲ್ಲಾ ನ್ಯಾಯಾಲಯವು ಅವುಗಳಲ್ಲಿ ಒಂದನ್ನು, ಕಾರ್ಮಿಕ ಸಂಘದ ಕಚೇರಿಯ ಕಡೆ ಮುಖಮಾಡಿದ್ದ ಒಂದನ್ನು, ತೆಗೆಯಬೇಕೆಂದು ತೀರ್ಪಿತ್ತಿತು. ಕ್ಯಾಮೆರಾ ಎಂದರೆ ಕಾಮಗಸಾಕಿಯ ಹಿರಿಯರಿಗೆ ಏಕೆ ಅಷ್ಟು ಕಸಿವಿಸಿ ಎಂಬುದು ಇದರಿಂದ ತಿಳಿಯುತ್ತದೆ. ನಡಿಗೆಯ ತಂಡಗಳಿಗೆ ಮೊದಲು ಹೇಳುವ ಮಾತೂ ಅದೇ: ಕೇಳದೆ ಯಾರ ಮುಖದ ಚಿತ್ರವನ್ನೂ ತೆಗೆಯಬಾರದು. ಊರು ಬಿಟ್ಟು, ಸಾಲ ಬಿಟ್ಟು, ಸಂಸಾರ ಬಿಟ್ಟು ಬಂದವರು ಅಲ್ಲಿ ಅನೇಕರು. ಒಂದು ಚಿತ್ರ ಎಲ್ಲಿಯೋ ಅಚ್ಚಾದರೆ, ಮೂವತ್ತು ವರ್ಷ ಮರೆಸಿಕೊಂಡ ಬಾಳು ಒಂದೇ ದಿನದಲ್ಲಿ ಬಯಲಾಗಬಹುದು.

ಇವರೆಲ್ಲ ಬಂದದ್ದಾದರೂ ಏತಕ್ಕೆ? ಯುದ್ಧಾನಂತರದ ಜಪಾನು ಅವಸರದಿಂದ ಬೆಳೆಯಿತು. ಹೆದ್ದಾರಿ, ಬಂದರು, ಸೇತುವೆ, ಸುರಂಗರೈಲು ಎಲ್ಲಕ್ಕೂ ತೋಳುಗಳು ಬೇಕಾದುವು. ಕಲ್ಲಿದ್ದಲ ಗಣಿಗಳು ಮುಚ್ಚಿಹೋದ ಪ್ರಾಂತಗಳಿಂದ, ಹೊಲದಲ್ಲಿ ಹುಟ್ಟುವಳಿಯಿಲ್ಲದ ಹಳ್ಳಿಗಳಿಂದ ಗಂಡಸರು ಇಳಿದು ಬಂದರು. ಮೊದಮೊದಲು ಹೆಂಗಸರು ಮಕ್ಕಳೂ ಅಲ್ಲಿದ್ದರು. 1961ರ ಆಗಸ್ಟ್ 1ರಂದು ಮುದುಕನಾದ ಕೂಲಿಯೊಬ್ಬನಿಗೆ ಟ್ಯಾಕ್ಸಿ ಬಡಿಯಿತು. ಪೊಲೀಸರು ಅವನನ್ನು ಸತ್ತವನೆಂದೇ ಎಣಿಸಿ, ಆಸ್ಪತ್ರೆಗೆ ಸಾಗಿಸದೆ ಬಿಟ್ಟರೆಂದು ಜನರು ರೊಚ್ಚಿಗೆದ್ದರು. ಅಂದಿನಿಂದ 2008ರವರೆಗೆ ಆ ಕೇರಿಯಲ್ಲಿ 24 ಬಾರಿ ಗಲಭೆಗಳಾದುವೆಂದು ಲೆಕ್ಕವಿಟ್ಟಿದ್ದಾರೆ. ಮೊದಲ ಗಲಭೆಯ ತರುವಾಯ ಸರಕಾರ ಸಂಸಾರಸ್ಥರನ್ನು ಬೇರೆಡೆಯ ವಸತಿಗಳಿಗೆ ಕಳುಹಿಸುತ್ತ ಬಂದಿತು. ಅತ್ತ 1970ರ ವಿಶ್ವ ವಸ್ತುಪ್ರದರ್ಶನಕ್ಕೆ ಒಂಟಿ ಗಂಡಾಳುಗಳು ರಾಶಿರಾಶಿಯಾಗಿ ಬೇಕಾದರು. ಹೀಗೆ ಒಂದು ಊರು ಗಂಡಸರದೇ ಊರಾಯಿತು. ಆ ಪ್ರದರ್ಶನವನ್ನು ನೋಡಿದವರ ಸಂಖ್ಯೆ 6 ಕೋಟಿ 42 ಲಕ್ಷ. ಅದನ್ನು ಕಟ್ಟಿದವರು ಯಾರೆಂದು ಅಷ್ಟು ಮಂದಿಯಲ್ಲಿ ಎಷ್ಟು ಜನ ಕೇಳಿದ್ದಾರು?

ಈ ಕಥೆಯನ್ನೆಲ್ಲ ನಡಿಗೆಯ ತಂಡ ನಿಂತ ನಿಂತಲ್ಲಿಯೇ ಕೇಳುತ್ತ ಹೋಗುತ್ತದೆ. ಮೊದಲು ಕಾಣುವುದು ‘ದೋಯ’ಗಳು. ಜಪಾನೀ ಭಾಷೆಯಲ್ಲಿ ‘ಯಾದೊ’ ಎಂದರೆ ತಂಗುದಾಣ. ಇದು ಮನುಷ್ಯರು ತಂಗತಕ್ಕ ಸ್ಥಳವೇ ಅಲ್ಲವೆಂದು ಕೂಲಿಗಾರರು ಹಾಸ್ಯಕ್ಕಾಗಿ ಅಕ್ಷರಗಳನ್ನು ಹಿಂದುಮುಂದು ಮಾಡಿ ‘ದೋಯ’ ಎಂದರಂತೆ. ಮೂರು ಚಾಪೆಯ ಕೋಣೆ ಅಲ್ಲಿ ಸಾಮಾನ್ಯ. ಜಪಾನಿನ ಒಂದು ಚಾಪೆ ಸುಮಾರು ಆರು ಅಡಿ ಉದ್ದ, ಮೂರು ಅಡಿ ಅಗಲ. ಅಂಥ ಮೂರನ್ನು ಹಾಸಿದರೆ ಕೋಣೆ ತುಂಬಿತು. ಬಟ್ಟೆ, ಊಟ, ನಿದ್ರೆ, ಕಾಯಿಲೆ ಎಲ್ಲವೂ ಅದರೊಳಗೇ. ಬಾಡಿಗೆ ದಿನದ ಲೆಕ್ಕದಲ್ಲಿ. ಇಂದು ಕೂಲಿ ಸಿಕ್ಕದಿದ್ದರೆ ಇಂದು ರಾತ್ರಿ ಬೀದಿ.

ಕೂಲಿ ಸಿಕ್ಕುತ್ತಿದ್ದುದು ಐರಿನ್ ಕೇಂದ್ರದಲ್ಲಿ. ಇದು 1970ರಲ್ಲಿ ತೆರೆದ ಭಾರೀ ಕಟ್ಟಡ. ಕೆಳಗೆ ಕೂಲಿಪೇಟೆ, ಅದರ ಮೇಲೆ ಆಸ್ಪತ್ರೆ ಮತ್ತು ವಸತಿಗಳು. ಬೆಳಗಿನ ಐದು ಗಂಟೆಗೆ ಬಾಗಿಲು ತೆರೆದೊಡನೆ ಮೇಸ್ತ್ರಿಗಳ ವ್ಯಾನುಗಳು ಸಾಲುಗಟ್ಟುತ್ತಿದ್ದುವು. ಕೆಲಸ ಯಾವುದು, ಕೂಲಿ ಎಷ್ಟು ಎಂಬುದನ್ನು ಬರೆದ ಚೀಟಿ ಗಾಜಿಗೆ ಅಂಟಿರುತ್ತಿತ್ತು. ಹತ್ತಿದವನು ಸಂಜೆ ಹಣದೊಡನೆ ಮರಳುವನು. ಹತ್ತದವನು ಅಲ್ಲಿಯೇ ಕಾಂಕ್ರೀಟಿನ ನೆಲದ ಮೇಲೆ ಮಲಗುವನು. ಕೂಲಿಗಾರರ ಕೈಯಲ್ಲಿ ಬಿಳಿಯ ಪುಸ್ತಕವೊಂದು ಇರುತ್ತಿತ್ತು. ಕೆಲಸ ಮಾಡಿದ ದಿನಕ್ಕೊಂದು ಮುದ್ರೆಚೀಟಿ. ಎರಡು ತಿಂಗಳಲ್ಲಿ 26 ಚೀಟಿ ಕೂಡಿದರೆ, ಕೆಲಸವಿಲ್ಲದ ದಿನಗಳಿಗೆ ಗರಿಷ್ಠ 7,500 ಯೆನ್ ಭತ್ಯೆ. 1990ರ ದಶಕದಲ್ಲಿ ಜಪಾನಿನ ಐಶ್ವರ್ಯದ ಗುಳ್ಳೆ ಒಡೆಯಿತು. 26 ಕೂಡಲಿಲ್ಲ. ಸಾವಿರಾರು ಜನರು ನೀಲಿ ಪ್ಲಾಸ್ಟಿಕ್ ಹೊದಿಕೆಯಡಿ, ಉದ್ಯಾನಗಳಲ್ಲಿ, ನದಿಯ ದಂಡೆಯಲ್ಲಿ ಬಾಳತೊಡಗಿದರು. ಅದೇ ಜನ ಈಗ ಮುದುಕರಾಗಿದ್ದಾರೆ. ದೋಯಗಳಲ್ಲಿ ಹಲವು ಸರಕಾರದ ಜೀವನಾಧಾರ ಪಡೆಯುವ ವೃದ್ಧರ ಮನೆಗಳಾಗಿವೆ. ಇನ್ನು ಕೆಲವು, 2002ರ ಫುಟ್‌ಬಾಲ್ ವಿಶ್ವಕಪ್ಪಿನ ಕಾಲದಿಂದೀಚೆಗೆ, ಬೆನ್ನಿಗೆ ಗಂಟು ಕಟ್ಟಿ ಬರುವ ವಿದೇಶೀ ತರುಣರ ಅಗ್ಗದ ಹೋಟೆಲುಗಳಾಗಿವೆ.

ತಂಡ ಮುಂದೆ ಹೋಗಿ ನಿಲ್ಲುವುದು ಮುಕ್ಕೋನದ ಉದ್ಯಾನದಲ್ಲಿ. ಹೆಸರಿಗೆ ಉದ್ಯಾನ, ಹೂವು ಕಡಿಮೆ. ಎತ್ತರದ ಕಂಬದ ಮೇಲೆ ಎಲ್ಲರಿಗೂ ಸೇರಿದ ಒಂದು ಟೆಲಿವಿಷನ್ ಪೆಟ್ಟಿಗೆ. ಗಂಜಿ ಹಂಚುವ ದಿನ ಉದ್ದವಾದ ಸಾಲು. 1972ರಿಂದ ಇಲ್ಲಿಯೇ ಆಗಸ್ಟ್ ತಿಂಗಳಿನಲ್ಲಿ ಬೇಸಗೆಯ ಜಾತ್ರೆ ನಡೆಯುತ್ತ ಬಂದಿದೆ. ಜಪಾನಿನವರು ಪಿತೃಗಳನ್ನು ನೆನೆಯುವ ದಿನಗಳು ಅವು. ಎಲ್ಲರೂ ಹುಟ್ಟೂರಿಗೆ ಹೋಗುತ್ತಾರೆ. ಹೋಗಲು ಊರಿಲ್ಲದವರು ಇಲ್ಲಿ ಕೂಡಿ, ಆ ವರ್ಷ ಬೀದಿಯಲ್ಲಿ ತೀರಿಕೊಂಡ ಜೊತೆಗಾರರಿಗೆ ನಮಿಸಿ, ಆಮೇಲೆ ವೃತ್ತಾಕಾರವಾಗಿ ಕುಣಿಯುತ್ತಾರೆ. ಬಂಧುಗಳು ಬಾರದ ಶವಕ್ಕೆ ಈ ಕೇರಿಯೇ ಬಂಧು.

ಇಂಥ ಸ್ಥಳವನ್ನು ತೋರಿಸುವವರು ಯಾರು ಎಂಬುದರ ಮೇಲೆ ನಡಿಗೆಯ ಗುಣ ನಿಂತಿದೆ. ಬಹುಕಾಲ ಈ ಕೆಲಸ ಮಾಡಿದವರಲ್ಲಿ ಅರಿಮುರಾ ಸೆನ್ ಒಬ್ಬರು. ಅವರು ಕಾರ್ಮಿಕರ ಕಲ್ಯಾಣ ಕೇಂದ್ರದ ನೌಕರರಾಗಿದ್ದುಕೊಂಡೇ ‘ಕಾಮಯಾನ್’ ಎಂಬ ನಿಶ್ಚಿಂತ ಕೂಲಿಗಾರನನ್ನು ವ್ಯಂಗ್ಯಚಿತ್ರದಲ್ಲಿ ಸೃಷ್ಟಿಸಿದರು. ಕಾಮಯಾನನಿಗೆ ಮನೆಯಿಲ್ಲ, ಹಣವಿಲ್ಲ. ಆದರೆ ಜಗತ್ತನ್ನು ನೋಡಿ ನಗುವ ಸ್ವಾತಂತ್ರ್ಯಕ್ಕೆ ಕೊರತೆಯಿಲ್ಲ. ಇನ್ನೊಬ್ಬರು ಉಯೇದಾ ಕನಾಯೊ ಎಂಬ ಕವಯಿತ್ರಿ. 2003ರಲ್ಲಿ ‘ಕೊಕೊರೂಮ್’ ಎಂಬ ಕಲಾಗೃಹವನ್ನು ತೆರೆದ ಈಕೆ 2008ರಲ್ಲಿ ಅದನ್ನು ಈ ಕೇರಿಯ ಅಂಗಡಿಬೀದಿಗೆ ತಂದರು. 2012ರಲ್ಲಿ ‘ಕಾಮಗಸಾಕಿ ಕಲಾ ವಿಶ್ವವಿದ್ಯಾಲಯ’ವನ್ನು ಆರಂಭಿಸಿದರು. ಅಲ್ಲಿ ಪ್ರವೇಶ ಪರೀಕ್ಷೆಯಿಲ್ಲ, ಪದವಿಯಿಲ್ಲ. ಕಬ್ಬಿಣ ಹೊತ್ತ ಕೈಗಳು ಕವಿತೆ ಬರೆಯುತ್ತವೆ, ಚಿತ್ರ ತೆಗೆಯುತ್ತವೆ. 2014ರಲ್ಲಿ ಯೊಕೊಹಾಮಾದ ಮಹಾ ಕಲಾಪ್ರದರ್ಶನಕ್ಕೂ ಆ ಕೃತಿಗಳು ಹೋಗಿ ಬಂದುವು. ಇಂಥ ಬಳಗದ ನಡಿಗೆಗಳಲ್ಲಿ ದಾರಿ ತೋರುವವರು ಒಂದು ಕಾಲದ ಕೂಲಿಗಾರರೇ. ಅವರನ್ನು ಒಸಾಕಾದ ಮಾತಿನಲ್ಲಿ ‘ಒಚ್ಚಾನ್’ ಎನ್ನುತ್ತಾರೆ. ಕನ್ನಡಿಗರು ಗುರುತಿಲ್ಲದ ಹಿರಿಯನನ್ನು ‘ಮಾವ’ ಎಂದು ಕರೆದಂತೆ.

ಹಾಗಲ್ಲದೆ ಬೇರೆ ರೀತಿಯಲ್ಲಿ ಕೇರಿಯನ್ನು ‘ತೋರಿಸಿದ’ ಪ್ರಸಂಗವೂ ಉಂಟು. 2021ರ ಏಪ್ರಿಲಿನಲ್ಲಿ, ಶಿನ್-ಇಮಾಮಿಯದ ಪರಿಸರಕ್ಕೆ ಪ್ರವಾಸಿಗರನ್ನು ಸೆಳೆಯುವ ನಗರದ ಪ್ರಚಾರದ ಅಂಗವಾಗಿ, ಸಂಭಾವನೆ ಕೊಟ್ಟು ಬರೆಯಿಸಿದ ಲೇಖನವೊಂದು ಪ್ರಕಟವಾಯಿತು. ಲೇಖಕಿ ಆ ಕೇರಿಗೆ ಬರುತ್ತಾಳೆ; ಮನೆಯಿಲ್ಲದ ಗಂಡಸೊಬ್ಬನನ್ನು ಸಂಧಿಸಿ ಅವನೊಡನೆ ಸುತ್ತಾಡುತ್ತಾಳೆ, ಊಟ ಮಾಡುತ್ತಾಳೆ; ಅದನ್ನು ಹಿತವಾದ ಕಥೆಯಾಗಿ ಹೇಳುತ್ತಾಳೆ. ಓದಿದವರು ಹಲವರು ಮೆಚ್ಚಿದರು. ಅದಕ್ಕಿಂತ ಹೆಚ್ಚು ಮಂದಿ ಕೆರಳಿದರು. ಒಬ್ಬನ ಬಡತನವು ಮತ್ತೊಬ್ಬರ ರಸಾನುಭವವಾಯಿತಲ್ಲ, ಅದೂ ಜಾಹೀರಾತಿಗಾಗಿ, ಎಂಬುದು ಅವರ ಆಕ್ಷೇಪ. ಆಕ್ಷೇಪ ಸುಳ್ಳಲ್ಲ. ಆ ಕಥೆಯಲ್ಲಿ ಮಾತನಾಡಿದವಳು ಬಂದವಳು. ಕೇಳಿಸಿಕೊಳ್ಳಲ್ಪಡಬೇಕಾದವನು ನೋಟದ ವಸ್ತುವಾಗಿ ಉಳಿದನು. ಒಚ್ಚಾನನ ನಡಿಗೆಯಲ್ಲಿ ಇದು ತಿರುವುಮುರುವು. ಅಲ್ಲಿ ಮಾತು ಅವನದು, ವೇಗ ಅವನದು, ಯಾವ ಓಣಿಗೆ ತಿರುಗಬೇಕು, ಯಾವುದನ್ನು ಹೇಳದೆ ಬಿಡಬೇಕು ಎಂಬ ತೀರ್ಮಾನವೂ ಅವನದೇ. ಬಂದವರು ಕೇಳುವವರು ಮಾತ್ರ. ಕೆಲವು ಪ್ರಶ್ನೆಗಳಿಗೆ ಅವನು ಉತ್ತರ ಕೊಡದೆ ನಕ್ಕುಬಿಟ್ಟರೆ, ಅದನ್ನೂ ಉತ್ತರವೆಂದೇ ತಿಳಿಯಬೇಕು.

ಆ ಲೇಖನದ ಹಿಂದೆ ಇದ್ದ ಅವಸರಕ್ಕೆ ಕಾರಣವಿದೆ. ನಿಲ್ದಾಣದ ಆಚೆ ಬದಿಯಲ್ಲಿ 2022ರ ಏಪ್ರಿಲಿನಲ್ಲಿ ದೊಡ್ಡದೊಂದು ಹೋಟೆಲು ತೆರೆಯಿತು. ಈಚೆ ಬದಿಯ ಐರಿನ್ ಕೇಂದ್ರವು ಭೂಕಂಪವನ್ನು ತಡೆಯಲಾರದೆಂಬ ಕಾರಣದಿಂದ 2019ರ ಏಪ್ರಿಲಿನಲ್ಲಿ ಬಾಗಿಲು ಮುಚ್ಚಿತು; ಕೂಲಿಪೇಟೆ ಪಕ್ಕದ ರೈಲುಸೇತುವೆಯ ಅಡಿಗೆ ಸರಿಯಿತು. ಹೋಗಲು ಒಪ್ಪದ ಕೆಲವರು ಮುಚ್ಚಿದ ಕಟ್ಟಡದ ಸುತ್ತಲೇ ಮಲಗಿ ಐದು ವರ್ಷ ಕಳೆದರು. 2024ರ ಡಿಸೆಂಬರ್ 1ರಂದು ಅಧಿಕಾರಿಗಳು ನ್ಯಾಯಾಲಯದ ಆಜ್ಞೆಯೊಡನೆ ಬಂದು ಅವರನ್ನು ಎಬ್ಬಿಸಿದರು. ಮರುವರ್ಷ ಏಪ್ರಿಲಿನಿಂದ ಅಕ್ಟೋಬರಿನವರೆಗೆ ಒಸಾಕಾದಲ್ಲಿ ಮತ್ತೊಂದು ವಿಶ್ವ ಪ್ರದರ್ಶನ ನಡೆಯಿತು. ಮೊದಲ ಪ್ರದರ್ಶನ ಈ ಜನರನ್ನು ಕರೆತಂದಿತ್ತು. ಎರಡನೆಯದು ಬರುವಷ್ಟರಲ್ಲಿ ಅವರ ಹಾಸಿಗೆ ಸುತ್ತಿಯಾಗಿತ್ತು. ಕಟ್ಟಡ ದುರ್ಬಲವಾಗಿದ್ದುದು ನಿಜವೇ ಇದ್ದೀತು. ಆದರೆ ಹೊಸ ಹೋಟೆಲಿನ ಕಿಟಕಿಯಿಂದ ನೋಡುವವರಿಗೆ ಈ ನಿಜವನ್ನು ಹೇಳುವವರು ಯಾರು? ಕೇರಿಯ ಮುಖ ಬದಲಾಗುತ್ತಿರುವಾಗ, ಅದನ್ನು ಕಂಡವರ ಬಾಯಿಂದ ಕೇಳಲು ಉಳಿದ ಕಾಲ ಹೆಚ್ಚಿಲ್ಲ. ಒಚ್ಚಾನರಿಗೆ ಎಪ್ಪತ್ತು ದಾಟಿದೆ, ಎಂಬತ್ತು ದಾಟಿದೆ.

2019ರಲ್ಲಿಯೇ ಕೊಕೊರೂಮಿನ ಹಿತ್ತಿಲಿನಲ್ಲಿ ಒಂದು ಬಾವಿ ತೋಡಿದರು. ಯಂತ್ರ ತರಿಸಲಿಲ್ಲ, ಗುದ್ದಲಿ, ಬುಟ್ಟಿ, ಹಗ್ಗ. ಪ್ರವಾಸಿಗರು, ವಿದ್ಯಾರ್ಥಿಗಳು, ನೆರೆಯವರು ಕೈಗೂಡಿಸಿದರು. ಆದರೆ ಮಣ್ಣು ಕುಸಿಯದಂತೆ ಹೇಗೆ ಅಗೆಯಬೇಕು, ಭಾರವನ್ನು ಬೆನ್ನು ಮುರಿಯದಂತೆ ಹೇಗೆ ಎತ್ತಬೇಕು ಎಂಬುದು ಅವರಾರಿಗೂ ತಿಳಿಯದು. ಅದನ್ನು ಬಲ್ಲವರು ಮುದಿ ಕೂಲಿಗಾರರು. ಪದವೀಧರರು ಮಣ್ಣು ಹೊತ್ತರು. ಒಚ್ಚಾನರು ಮೇಲ್ವಿಚಾರಣೆ ನಡೆಸಿದರು. ನೀರು ಬಂದಿತು.

ದೂರದ ಬೆಟ್ಟ ನುಣ್ಣಗೆ ಎಂಬುದು ಗಾದೆ. ದೂರದ ಕೇರಿ ಭಯಂಕರ ಎಂಬುದೂ ಅದೇ ಜಾತಿಯ ತಪ್ಪು. ಎರಡಕ್ಕೂ ಮದ್ದು ನಡೆದು ಹತ್ತಿರ ಹೋಗುವುದೇ. ಕಾಮಗಸಾಕಿಯ ನಡಿಗೆಗೆ ಹೋದವರು ಕನಿಕರವನ್ನು ಹೊತ್ತು ತರಬೇಕಾಗಿಲ್ಲ, ಕಾಣಿಕೆ ಹಾಕಬೇಕಾಗಿಲ್ಲ. ತಾವು ದಿನವೂ ಸಂಚರಿಸುವ ಹೆದ್ದಾರಿಯ ಕಂಬವನ್ನು ಎಬ್ಬಿಸಿದವನು ಇವನೇ ಎಂದು ತಿಳಿದು, ತಲೆಬಾಗಿ ನಮಸ್ಕರಿಸಿ ಬಂದರೆ ಸಾಕು. ಬೀಳ್ಕೊಡುವಾಗ ಒಚ್ಚಾನನೂ ಅಷ್ಟೇ ತಲೆಬಾಗುತ್ತಾನೆ.